ಅಮೇರಿಕೆಯ ಕನ್ನಡಿಯಲ್ಲಿ ಕಲ್ಯಾಣದ ವಾರಸುದಾರರು



ಬಸವ ಜಯಂತಿಯ ವೇದಿಕೆಗಳ ಮೇಲೆ ವರ್ಷವೂ ತಪ್ಪದೆ ಕೇಳಿಬರುವ ಮಾತೊಂದುಂಟು. "ಅಮೇರಿಕೆಯಂಥ ಅಮೇರಿಕೆಯಲ್ಲಿ ಕರಿಯ ಜನರಿಗೆ ಸಮಾನ ಹಕ್ಕು ದೊರೆಯಲು 1964ನೆಯ ಇಸವಿ ಬರಬೇಕಾಯಿತು, ನಮ್ಮ ಅಣ್ಣ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಅದನ್ನು ಮಾಡಿ ತೋರಿಸಿದರು" ಎಂಬುದೇ ಆ ಮಾತು. ಬಿಳಿಚೋಡು, ಜಗಳೂರುಗಳಿಂದ ಹಿಡಿದು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳವರೆಗೆ ಈ ಮಾತನ್ನು ಕೇಳದ, ಕೇಳಿ ಚಪ್ಪಾಳೆ ತಟ್ಟದ ಭಕ್ತರು ವಿರಳ. ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹಿರಿಯರು ಗಳಿಸಿದ ಕೀರ್ತಿಯನ್ನು ಹೇಳಿಕೊಂಡು ತಿರುಗುವ ಮಕ್ಕಳು, ಆ ಹಿರಿಯರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಮುಂದುವರಿಸಿದ್ದಾರೆಯೇ ಎಂಬ ಪ್ರಶ್ನೆಯನ್ನು ಆ ವೇದಿಕೆಗಳಲ್ಲಿ ಯಾರೂ ಎತ್ತುವುದಿಲ್ಲ. ಅದನ್ನು ಇಲ್ಲಿ ಎತ್ತಬೇಕಾಗಿದೆ. ನಿಷ್ಠುರವೆನಿಸಿದರೆ ನಿಷ್ಠುರವೆಂದೇ ಓದಿಕೊಳ್ಳಿರಿ.

ಮೊದಲು ಅಮೇರಿಕೆಯ ವಿಷಯ. ಗುಲಾಮಗಿರಿ 1865ರಲ್ಲಿಯೇ ಕಾನೂನಿನಿಂದ ರದ್ದಾಗಿದ್ದರೂ ಅಲ್ಲಿಯ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಆಸನ, ಹೋಟೆಲಿನಲ್ಲಿ ಪ್ರವೇಶವಿಲ್ಲ ಎಂಬ ಕಟ್ಟಳೆಗಳು ಮುಂದೆ ಹತ್ತಿರ ಹತ್ತಿರ ನೂರು ವರ್ಷ ನಡೆದವು. 1954ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಬೇರೆ ಬೇರೆ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತೀರ್ಪು ಬಂದರೂ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಲಿಟಲ್ ರಾಕ್ ಎಂಬ ನಗರದ ಶಾಲೆಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಕಳುಹಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳುಹಿಸಬೇಕಾಯಿತು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನ ತನ್ನ ಆಸನವನ್ನು ಬಿಳಿಯನಿಗೆ ಬಿಟ್ಟುಕೊಡಲು ಒಪ್ಪದೆ ಬಂಧಿತಳಾದಾಗ, ಮಾಂಟ್‌ಗೊಮೆರಿ ನಗರದ ಕರಿಯ ಜನರು 381 ದಿನಗಳ ಕಾಲ ಬಸ್ಸು ಹತ್ತದೆ ನಡೆದರು. ಅವರ ಮುಂದಾಳಾಗಿದ್ದವರು ಇಪ್ಪತ್ತಾರು ವರ್ಷದ ಧರ್ಮೋಪದೇಶಕ ಮಾರ್ಟಿನ್ ಲೂಥರ್ ಕಿಂಗ್. 1963ರ ಆಗಸ್ಟ್ 28ರಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. ಇಷ್ಟೆಲ್ಲ ಆದ ಮೇಲೆ 1964ರ ಜುಲೈ 2ರಂದು ಅಲ್ಲಿಯ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಗೆ ಬಂದಿತು.

ಈಗ ನಮ್ಮ ಕಡೆಗೆ ಬನ್ನಿರಿ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಿತು. ಗುಡಿ, ಬಾವಿ, ಅಂಗಡಿ, ಹೋಟೆಲು ಯಾವುದರಿಂದಲೂ ಯಾರನ್ನೂ ಜಾತಿಯ ಕಾರಣದಿಂದ ದೂರವಿಡುವುದು ಶಿಕ್ಷಾರ್ಹವಾಯಿತು. 1976ರಲ್ಲಿ ಅದಕ್ಕೆ ತಿದ್ದುಪಡಿಯಾಗಿ "ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ" ಎಂಬ ಹೆಸರು ಬಂದಿತು. ಅಮೇರಿಕೆಯ ಕಾಯ್ದೆಯದೂ ನಮ್ಮ ಕಾಯ್ದೆಯದೂ ಹೆಚ್ಚುಕಡಿಮೆ ಒಂದೇ ಹೆಸರು. ನಮ್ಮದು ಅವರಿಗಿಂತ ಒಂಬತ್ತು ವರ್ಷ ಹಿರಿಯದು. ಹಾಗಾದರೆ ನಾವು ಅಮೇರಿಕೆಗಿಂತ ಎರಡು ಸಲ ಮುಂದು: ಶರಣರ ಕಾಲದಲ್ಲಿ ಒಮ್ಮೆ, ಕಾನೂನಿನ ಕಾಲದಲ್ಲಿ ಇನ್ನೊಮ್ಮೆ. ಎರಡು ಸಲ ಮುಂದೆ ಹೋದವರ ಊರಿನಲ್ಲಿ ಕೇರಿ ಇಂದಿಗೂ ಬೇರೆಯಾಗಿ ಉಳಿದದ್ದು ಹೇಗೆ?

ಉತ್ತರವನ್ನು ಹುಡುಕಲು ಒಂದು ಹೋಟೆಲಿಗೆ ಹೋಗೋಣ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ಪಟ್ಟಣದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಒಂದು ದೊಡ್ಡ ಅಂಗಡಿಗೆ ಹೋದರು. ಅಂಗಡಿಯವನು ಅವರಿಗೆ ಸಾಮಾನು ಮಾರಿ ಹಣ ತೆಗೆದುಕೊಂಡ; ಆದರೆ ಅದೇ ಅಂಗಡಿಯ ತಿಂಡಿಯ ಕಟ್ಟೆಯ ಮುಂದೆ ಅವರು ಕುಳಿತಾಗ ಕಾಫಿ ಕೊಡಲು ನಿರಾಕರಿಸಿದ. ಸ್ಥಳೀಯ ಪದ್ಧತಿ ಹಾಗಿದೆ ಎಂಬುದು ಅಂಗಡಿಯ ಕಾರಣ. ಹುಡುಗರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕುಳಿತರು. ಕೆಲವು ವಾರಗಳಲ್ಲಿ ಹತ್ತಾರು ಪಟ್ಟಣಗಳಲ್ಲಿ ವಿದ್ಯಾರ್ಥಿಗಳು ಹೀಗೆ ಕುಳಿತರು. ಬೈಗುಳ, ಹೊಡೆತ, ಬಂಧನ ಎಲ್ಲವನ್ನೂ ಸಹಿಸಿದರು. ಜುಲೈ ತಿಂಗಳಿನಲ್ಲಿ ಆ ಅಂಗಡಿ ಮಣಿಯಿತು. ಕಾಯ್ದೆ ಬಂದದ್ದು ಅದಾದ ನಾಲ್ಕು ವರ್ಷಗಳ ಮೇಲೆ.

ನಮ್ಮಲ್ಲಿಯೋ ಕಾಯ್ದೆ ಬಂದು ಅರುವತ್ತು ವರ್ಷಗಳಾಗುತ್ತ ಬಂದಿದ್ದಾಗ, 2014ರ ಆಗಸ್ಟಿನಲ್ಲಿ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಆ ವೈಷಮ್ಯದ ಬೇರುಗಳಲ್ಲಿ ಒಂದು ಯಾವುದೆಂದರೆ, ಹೋಟೆಲಿನಲ್ಲಿಯೂ ಕ್ಷೌರದ ಅಂಗಡಿಯಲ್ಲಿಯೂ ತಮಗೆ ಪ್ರವೇಶ ಬೇಕೆಂದು ಅವರು ಕೇಳಿದ್ದು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು ಆ ಮೊಕದ್ದಮೆಯಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ಮೇಲ್ಮನವಿಯ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ನಾನು ಕೇಳುವುದು ಇಷ್ಟೆ: ಒಂದು ಲೋಟ ಚಹಕ್ಕಾಗಿ, ಒಂದು ಸಲದ ಕ್ಷೌರಕ್ಕಾಗಿ ಗುಡಿಸಲು ಸುಡುವ ಮಟ್ಟಕ್ಕೆ ಒಂದು ಊರು ಹೋಗುವ ಮೊದಲು, ಆ ಊರಿನ ಹಿರಿಯರು, ಆ ಸೀಮೆಯ ಮಠಗಳ ಭಕ್ತರು ಎಲ್ಲಿದ್ದರು? ಅದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ, ಇನ್ನೂ ಮಾತು ಬಲಿಯದ ಒಂದು ದಲಿತ ಕೂಸು ಹನುಮಂತನ ಗುಡಿಯೊಳಕ್ಕೆ ಓಡಿಹೋಯಿತೆಂದು, ಗುಡಿಯ ಶುದ್ಧಿಗಾಗಿ ತಂದೆತಾಯಿಗಳ ಮೇಲೆ ಸುಮಾರು 25,000 ರೂಪಾಯಿಗಳ ದಂಡ ಹೊರಿಸಲು ಊರ ಪ್ರಮುಖರು ಹೊರಟರು. ಪೋಲೀಸರು ಬಂದ ಮೇಲೆ ಕ್ಷಮೆ ಕೇಳಿದ್ದಾಯಿತು. ಪೋಲೀಸರು ಬರುವುದಕ್ಕೆ ಮುಂಚೆ ಆ ಸಭೆಯಲ್ಲಿ ಎದ್ದುನಿಂತು "ಇದು ಸಲ್ಲದು" ಎನ್ನಲು ಬಸವಣ್ಣನವರ ಹೆಸರು ಹೇಳುವ ಒಬ್ಬನಾದರೂ ಸಿಕ್ಕಬೇಡವೇ?

ಕಾನೂನು ತಪ್ಪು ಮಾಡಿದವನನ್ನು ಶಿಕ್ಷಿಸಬಲ್ಲದು. ಸುಮ್ಮನೆ ನೋಡುತ್ತ ನಿಂತವನನ್ನು ಅದು ಏನೂ ಮಾಡಲಾರದು. ಸುಮ್ಮನೆ ನಿಂತವರು ಮಾತ್ರ ನಮ್ಮಲ್ಲಿ ಬಹಳ ಮಂದಿ, ಮತ್ತು ಅವರು ಬಹುತೇಕ ಒಳ್ಳೆಯವರು. ಅಮೇರಿಕೆಯ ಕಥೆಯಲ್ಲಿ ನಾವು ಕಲಿಯಬೇಕಾದ ಪಾಠ ಇರುವುದು ಇಲ್ಲಿಯೇ.

1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಿಂಗ್ ಅವರನ್ನು ಸೆರೆಮನೆಗೆ ಹಾಕಿದರು. ಆ ಊರಿನ ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟರು: ಈ ಚಳವಳಿ ವಿವೇಕದ್ದಲ್ಲ, ಇದಕ್ಕೆ ಇನ್ನೂ ಕಾಲ ಬಂದಿಲ್ಲ, ಹೊರಗಿನವರು ಬಂದು ಊರಿನ ಶಾಂತಿ ಕೆಡಿಸುತ್ತಿದ್ದಾರೆ, ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳಿಕೊಳ್ಳಲಿ ಎಂಬುದು ಅದರ ಸಾರ. ಇವರು ದುಷ್ಟರಲ್ಲ ಎಂಬುದನ್ನು ಗಮನಿಸಿರಿ. ಅದೇ ವರ್ಷದ ಜನವರಿಯಲ್ಲಿ, ನ್ಯಾಯಾಲಯದ ಆಜ್ಞೆಯನ್ನು ಪಾಲಿಸಬೇಕೆಂದು ಬಿಳಿಯ ಜನರಿಗೆ ಬುದ್ಧಿ ಹೇಳಿದವರಲ್ಲಿಯೂ ಇವರಿದ್ದರು. ಅಂಥ ಸಜ್ಜನರಿಗೆ ಕಿಂಗ್ ಸೆರೆಮನೆಯಿಂದ, ಮೊದಲು ವೃತ್ತಪತ್ರಿಕೆಯ ಅಂಚುಗಳ ಮೇಲೆಯೇ ಬರೆಯುತ್ತ, ಉದ್ದವಾದ ಪತ್ರವೊಂದನ್ನು ಬರೆದರು. ಮುಖವಾಡ ಹಾಕಿಕೊಂಡು ಬಂದು ಹೊಡೆಯುವ ಕ್ರೂರಿಗಿಂತಲೂ, ನ್ಯಾಯಕ್ಕಿಂತ ನೆಮ್ಮದಿಯನ್ನು ದೊಡ್ಡದೆಂದು ತಿಳಿಯುವ ಸೌಮ್ಯ ಮನುಷ್ಯನೇ ತಮಗೆ ದೊಡ್ಡ ಅಡ್ಡಿ ಎಂಬ ಅಭಿಪ್ರಾಯ ಅದರಲ್ಲಿದೆ. "ಇನ್ನೂ ಸ್ವಲ್ಪ ಕಾಯಿರಿ" ಎಂದು ಹೇಳುವವನು ಎಂದೂ ಕಾಯಬೇಕಾಗಿ ಬಂದವನಲ್ಲ ಎಂಬುದನ್ನು ಅವರು ಆ ಧರ್ಮಗುರುಗಳಿಗೆ ಮನಗಾಣಿಸಿದರು.

ವಾಚಕ ಮಹನೀಯರೇ, ಆ ಎಂಟು ಮಂದಿಯ ಹೇಳಿಕೆ ತಮಗೆ ಹೊಸದೆನಿಸಿತೇ? "ಎಲ್ಲದಕ್ಕೂ ಕಾಲ ಕೂಡಿಬರಬೇಕು," "ಊರಿನ ಸಾಮರಸ್ಯ ಕೆಡಬಾರದು," "ಅವರೇ ಒಳಗೆ ಬರುವುದಿಲ್ಲವಲ್ಲ, ನಾವೇನು ಮಾಡೋಣ," "ಹೊರಗಿನ ಸಂಘಟನೆಯವರು ಬಂದು ಹುಡುಗರ ತಲೆ ಕೆಡಿಸಿದರು" — ಈ ಮಾತುಗಳನ್ನು ನಮ್ಮ ಪಂಚಾಯಿತಿ ಕಟ್ಟೆಗಳ ಮೇಲೆ ಆಡುವವರು ಯಾರು? ಲಿಂಗಪೂಜೆ ತಪ್ಪಿಸದವರು, ದಾಸೋಹಕ್ಕೆ ಜೋಳದ ಚೀಲ ಕಳುಹಿಸುವವರು, ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುವವರು. ಬರ್ಮಿಂಗ್‌ಹ್ಯಾಮಿನ ಪತ್ರ ಹೋಗಿ ಮುಟ್ಟಬೇಕಾದ ವಿಳಾಸಗಳಲ್ಲಿ ನಮ್ಮ ಮನೆಗಳ ವಿಳಾಸವೂ ಉಂಟು.

ಇದಕ್ಕೆ ಆಕ್ಷೇಪಗಳು ಬಂದೇ ಬರುತ್ತವೆ. ಮೊದಲನೆಯದು: "ಅಲ್ಲಿಯದು ಬಣ್ಣದ ಪ್ರಶ್ನೆ, ಇಲ್ಲಿಯದು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು." ಬಣ್ಣವೂ ಜಾತಿಯೂ ಒಂದೇ ಅಲ್ಲವೆಂಬುದು ನಿಜ. ಆದರೆ ನೋವನ್ನು ಉಂಡವರು ಒಬ್ಬರನ್ನೊಬ್ಬರು ಗುರುತಿಸಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಡಾ. ಅಂಬೇಡ್ಕರ್ ಅವರು 1946ರಲ್ಲಿ, ಕರಿಯ ಜನರ ಹಿರಿಯ ವಿದ್ವಾಂಸರಾದ ಡುಬಾಯ್ಸ್ ಅವರಿಗೆ ಪತ್ರ ಬರೆದು, ಆ ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೇಳಿದ್ದರು. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಅಮೇರಿಕೆಯಿಂದ ಬಂದ ಅಸ್ಪೃಶ್ಯರೆಂದೇ ಪರಿಚಯಿಸಿದರಂತೆ. ಆ ಕ್ಷಣಕ್ಕೆ ನೊಂದುಕೊಂಡೆನಾದರೂ ಆಮೇಲೆ ಆ ಮಾತು ನಿಜವೆಂದು ತೋರಿತೆಂದು ಕಿಂಗ್ 1965ರ ಉಪದೇಶವೊಂದರಲ್ಲಿ ಹೇಳಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ಜೋರಾಗಿ ಕೇಳಿಬರುವಂಥದು: "ದಲಿತರ ಮಾತು ಬಹಳ ಕಟು, ಪ್ರೀತಿಯಿಂದ ಕೇಳಿದರೆ ಕೊಡುತ್ತಿದ್ದೆವು." ಈ ಮಾತನ್ನು ಪರೀಕ್ಷಿಸಲು 1973ನ್ನು ನೆನೆಯೋಣ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಧೀರರು. ಅದು ಎಂಥ ಕೆಲಸ ಎಂಬುದನ್ನು ತಿಳಿಯಬೇಕಾದರೆ, ಕಿಂಗ್ ಅವರು ಕೊನೆಯುಸಿರೆಳೆದದ್ದು ಮೆಂಫಿಸ್ ನಗರದ ಕಸ ಹೊರುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಹೋಗಿದ್ದಾಗ, 1968ರ ಏಪ್ರಿಲ್ 4ರಂದು, ಎಂಬುದನ್ನು ನೆನೆದರೆ ಸಾಕು. ಮಲದ ಬುಟ್ಟಿಯನ್ನು ಮನುಷ್ಯನ ತಲೆಯಿಂದ ಇಳಿಸಿದಾಗ ಬೀದಿಗಿಳಿದು ಮೆರವಣಿಗೆ ಮಾಡಿ ಹರಸಿದವರೆಷ್ಟು ಮಂದಿ? ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆಗ ಬೀದಿಗಳು ತುಂಬಿಹೋದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಮಂತ್ರಿ ಪದವಿ ಹೋಯಿತು. ಮಾತು ಒರಟಾಗಿತ್ತೆನ್ನುವವರೊಡನೆ ನನಗೆ ಜಗಳವಿಲ್ಲ. ಆದರೆ ಸಾಹಿತ್ಯಕ್ಕಾದ ಅವಮಾನಕ್ಕೆ ಉಕ್ಕಿದ ರಕ್ತ, ಮನುಷ್ಯನಿಗೆ ಶತಮಾನಗಳಿಂದ ಆಗುತ್ತಿದ್ದ ಅವಮಾನಕ್ಕೆ ಏಕೆ ಉಕ್ಕಲಿಲ್ಲ? ಆ ಮಂತ್ರಿಯ ತಂದೆತಾಯಿಗಳು ಮಗನಿಗೆ ಬಸವನ ಹೆಸರನ್ನೂ ಲಿಂಗದ ಹೆಸರನ್ನೂ ಕೂಡಿಸಿ ಇಟ್ಟಿದ್ದರು. ನಮ್ಮ ಸಮಾಜ ಅವರಿಗೆ ಆ ಎರಡು ಹೆಸರಿನ ಮರ್ಯಾದೆಯನ್ನಾದರೂ ಕೊಟ್ಟಿತೇ?

ಆ ಗಲಭೆಯ ಬಿಸಿಯಿಂದ, 1970ರ ದಶಕದ ಮಧ್ಯಭಾಗದಲ್ಲಿ, ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪ್ರೊ. ಬಿ. ಕೃಷ್ಣಪ್ಪನವರು (1938–1997) ದೂರದೇಶದವರಲ್ಲ; ಬಿಳಿಚೋಡಿನಂತೆಯೇ ಅಂದು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಹರಿಹರದಲ್ಲಿ ಹುಟ್ಟಿದವರು, ಭದ್ರಾವತಿಯಲ್ಲಿ ಕನ್ನಡ ಕಲಿಸಿದ ಅಧ್ಯಾಪಕರು. ಅದಕ್ಕೂ ಮುನ್ನ 1972ರಲ್ಲಿ ಮುಂಬಯಿಯ ತರುಣರು ದಲಿತ್ ಪ್ಯಾಂಥರ್ಸ್ ಎಂಬ ಸಂಘಟನೆ ಕಟ್ಟಿದಾಗ ಅದರ ಹೆಸರನ್ನು ಅಮೇರಿಕೆಯ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡಿದ್ದರು. ನಮ್ಮ ಹಿರಿಯರನೇಕರು ಮೂಗು ಮುರಿದದ್ದು ಇದಕ್ಕೆ: ಹೋರಾಟಕ್ಕೆ ಹೆಸರು ಬೇಕಾಗಿದ್ದರೆ ಅಮೇರಿಕೆಗೆ ಏಕೆ ಹೋಗಬೇಕಾಗಿತ್ತು, ಕಲ್ಯಾಣ ಇರಲಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಆದರೆ ಅದನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಕಲ್ಯಾಣದ ಬಾಗಿಲು ತಮಗೆ ತೆರೆದಿದೆ ಎಂಬ ಭರವಸೆಯನ್ನು ನಾವು ಉಳಿಸಿದ್ದರೆ ಆ ತರುಣರ ಕಣ್ಣು ಸಮುದ್ರದ ಆಚೆಗೆ ಹೋಗುತ್ತಿತ್ತೇ? ಮೃದುವಾದ ಮಾತಿಗೆ ಕಿವುಡಾದ ಸಮಾಜ ಕಟುವಾದ ಮಾತನ್ನು ತಾನೇ ಕರೆಸಿಕೊಳ್ಳುತ್ತದೆ. ಅಮೇರಿಕೆಯಲ್ಲಿಯೂ ಹೀಗೆಯೇ ಆಯಿತು. ಕಾಯ್ದೆ ಬಂದ ಮೇಲೂ ಕೆಲಸ, ಮನೆ, ಮರ್ಯಾದೆ ದೊರೆಯದಾದಾಗ 1967ರ ಜುಲೈನಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿಯಿತು, 43 ಮಂದಿ ಸತ್ತರು. ಹಿಂಸೆಯನ್ನು ಯಾವ ಶರಣನೂ ಒಪ್ಪಲಾರ. ಒಪ್ಪದವನು ಅದಕ್ಕೆ ಎಡೆಗೊಡುವ ಅನ್ಯಾಯವನ್ನೂ ಒಪ್ಪಕೂಡದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಅಪಾಯಕಾರಿ: "ನಮ್ಮ ಧರ್ಮದಲ್ಲಿ ಜಾತಿಯೇ ಇಲ್ಲ." ಧರ್ಮದಲ್ಲಿ ಇಲ್ಲ, ಸರಿ. ಮದುವೆಯ ಜಾಹೀರಾತಿನಲ್ಲಿ? ಸಾದರು, ಪಂಚಮಸಾಲಿ, ಬಣಜಿಗ, ಜಂಗಮ ಎಂದು ನಮ್ಮೊಳಗೇ ಗೆರೆ ಎಳೆದುಕೊಂಡವರು, ಕೇರಿಯವರೊಡನೆ ನಮಗೆ ಭೇದವಿಲ್ಲ ಎಂದರೆ ನಂಬುವವರು ಯಾರು? ಅಮೇರಿಕೆಯ ವರ್ಜೀನಿಯಾ ರಾಜ್ಯದಲ್ಲಿ ಬಿಳಿಯ ಗಂಡನೂ ಕರಿಯ ಮೂಲದ ಹೆಂಡತಿಯೂ ಆದ ಲವಿಂಗ್ ದಂಪತಿಗಳಿಗೆ, ಮದುವೆಯಾದ ತಪ್ಪಿಗೆ, 1959ರಲ್ಲಿ ಶಿಕ್ಷೆಯಾಯಿತು. ಇಪ್ಪತ್ತೈದು ವರ್ಷ ಇಬ್ಬರೂ ಕೂಡಿ ಆ ರಾಜ್ಯಕ್ಕೆ ಕಾಲಿಡಕೂಡದೆಂದು ನ್ಯಾಯಾಧೀಶ ಹೇಳಿದ. ಅಂಥ ಕಾನೂನುಗಳನ್ನು ಸರ್ವೋಚ್ಚ ನ್ಯಾಯಾಲಯ ಕಿತ್ತೆಸೆದದ್ದು 1967ರಲ್ಲಿ. ಇದನ್ನು ಓದಿದಾಗ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಆದ ಕಲ್ಯಾಣದ ಮದುವೆ ನೆನಪಾಗದ ಲಿಂಗಾಯತನಿಲ್ಲ. ಆ ಮದುವೆಗಾಗಿ ತಂದೆಯರು ಎಳೆಹೂಟೆಯ ಶಿಕ್ಷೆ ಅನುಭವಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಎಂಟು ನೂರು ವರ್ಷಗಳಿಂದ ಆ ಇಬ್ಬರು ತಂದೆಯರಿಗೆ ನಾವು ಕೈ ಮುಗಿಯುತ್ತಿದ್ದೇವೆ. ಆದರೆ ನಮ್ಮ ಮನೆಯ ಮಗಳು ಅಂಥ ಮದುವೆಯ ಮಾತೆತ್ತಿದ ದಿನ, ನಾವು ಹರಳಯ್ಯ-ಮಧುವರಸರ ಕಡೆ ನಿಲ್ಲುತ್ತೇವೆಯೋ, ಬಿಜ್ಜಳನ ಕಡೆ ನಿಲ್ಲುತ್ತೇವೆಯೋ?

ಅಮೇರಿಕೆಯನ್ನು ನಾನು ಹೊಗಳುತ್ತಿಲ್ಲ. 2020ರ ಮೇ ತಿಂಗಳಿನಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಪೋಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯ ಸತ್ತದ್ದನ್ನು ಜಗತ್ತೇ ಕಂಡಿದೆ. ಅಲ್ಲಿಯ ಕೆಲಸವೂ ಮುಗಿದಿಲ್ಲ. ಆದರೆ ಅಲ್ಲಿ ನಡೆದ ಒಂದು ಸಂಗತಿ ಮಠದ ಭಕ್ತರಾದ ನಮಗೆ ಮುಖ್ಯವಾದದ್ದು. 1965ರ ಮಾರ್ಚ್ 7ರಂದು ಸೆಲ್ಮಾದಲ್ಲಿ, ಮತದಾನದ ಹಕ್ಕಿಗಾಗಿ ಹೊರಟ ಕರಿಯ ಜನರನ್ನು ಸೇತುವೆಯ ಬಳಿ ಪೋಲೀಸರು ಬಡಿದುಹಾಕಿದರು. ಕಿಂಗ್ ಅವರು ಧರ್ಮಗುರುಗಳಿಗೆ ಕರೆ ಕೊಟ್ಟರು. ಈ ಸಲ ದೂರದೂರದ ಊರುಗಳಿಂದ ಬಿಳಿಯ ಪಾದ್ರಿಗಳು, ಕ್ರೈಸ್ತ ಸಂನ್ಯಾಸಿನಿಯರು, ಯಹೂದಿ ಗುರುಗಳು ಬಂದು ಅವರ ಜೊತೆ ನಡೆದರು. ಬಾಸ್ಟನ್ನಿನಿಂದ ಬಂದ ಜೇಮ್ಸ್ ರೀಬ್ ಎಂಬ ಬಿಳಿಯ ಧರ್ಮಗುರುವನ್ನು ಅಲ್ಲಿಯ ಬಿಳಿಯರೇ ಬಡಿದರು. ಮಾರ್ಚ್ 11ರಂದು ಆತ ಸತ್ತ. ಅದೇ ವರ್ಷದ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದಿತು. "ಕಾಯಿರಿ" ಎಂದ ಎಂಟು ಗುರುಗಳಿಗೂ, ಜೊತೆಗೆ ಬಂದು ನಡೆದ ಈ ಗುರುಗಳಿಗೂ ನಡುವೆ ಎರಡೇ ವರ್ಷಗಳ ಅಂತರ.

ಹಳೆಯ ವಿದ್ಯಾರ್ಥಿ ಮಿತ್ರರೇ, ಕೊನೆಯ ಮಾತು ನಿಮಗೆ. ಪ್ರಸಾದ ನಿಲಯದ ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದರೆಂದು ನೆನಪಿದೆಯೇ? ಒಂದೇ ಹಂಡೆಯ ಸಾರು, ಒಂದೇ ಸೌಟು. ಯಾರ ಕುಲವನ್ನೂ ಯಾರೂ ಕೇಳಲಿಲ್ಲ. ಬಂದವನನ್ನು ಮನೆಯ ಮಗನೆಂದು ಎಣಿಸಬೇಕೆಂಬ ಅಣ್ಣನವರ ಮಾತು ನಿಮಗೆ ಅಲ್ಲಿ ಊಟವಾಗಿ ಸಿಕ್ಕಿತ್ತು. ಆ ಪಂಕ್ತಿ ಮಠದ ಬಾಗಿಲಲ್ಲಿಯೇ ಮುಗಿದುಹೋಯಿತೇ? ನೀವು ಇಂದು ಅಧ್ಯಾಪಕರು, ವಕೀಲರು, ವರ್ತಕರು, ಪಂಚಾಯಿತಿ ಸದಸ್ಯರು. ನಿಮ್ಮ ಊರಿನ ಹೋಟೆಲಿನಲ್ಲಿ ಲೋಟ ಬೇರೆಯಿದ್ದರೆ, "ಬೇರೆ ಗಿರಾಕಿಗಳು ಬರುವುದಿಲ್ಲ ಸ್ವಾಮಿ" ಎಂದು ಹೋಟೆಲಿನವನು ಹೇಳುತ್ತಾನೆ. ಆ ಬೇರೆ ಗಿರಾಕಿ ನೀವೇ. ನೀವು ಕೇರಿಯ ಗೆಳೆಯನೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಚಹ ಕುಡಿದ ದಿನ ಅವನ ನೆಪ ಮುಗಿಯಿತು. ಕ್ಷೌರದ ಅಂಗಡಿಗೂ ಇದೇ ಮಾತು. ದಾವಣಗೆರೆಯಲ್ಲಿ ನಿಮ್ಮ ಮನೆ ಬಾಡಿಗೆಗಿದ್ದರೆ, ಬಾಡಿಗೆಗೆ ಬಂದವನ ಜಾತಿ ಕೇಳಬೇಡಿರಿ. ಜಾತ್ರೆಯ ಸಮಿತಿಯಲ್ಲಿದ್ದರೆ, ಕೇರಿಯವರು ಗುಡಿಯ ಹೊರಗೆ ನಿಂತು ಕಾಯಿ ಕೊಡುವ ಪದ್ಧತಿ ನಿಮ್ಮ ಕಾಲಕ್ಕೆ ನಿಲ್ಲಲಿ.

ಮಠಗಳಿಗೂ ವಿನಯದಿಂದ ಒಂದು ಬಿನ್ನಹವುಂಟು. ಪಂಕ್ತಿಯಲ್ಲಿ ಕೂರಿಸಿದ್ದು ದೊಡ್ಡದು, ಅಲ್ಲಿಗೇ ನಿಲ್ಲಿಸಬಾರದು. ಅಡಿಗೆಯ ಮನೆಯಲ್ಲಿ ಸೌಟು ಹಿಡಿಯುವ ಕೈ ಯಾರದು, ಮಠದ ಶಾಲಾ ಕಾಲೇಜುಗಳಲ್ಲಿ ಪಾಠ ಹೇಳುವವರು ಯಾರು, ಆಡಳಿತ ಮಂಡಳಿಯ ಕುರ್ಚಿಗಳಲ್ಲಿ ಕುಳಿತವರು ಯಾರು ಎಂಬುದನ್ನೂ ನೋಡಿಕೊಳ್ಳಬೇಕು. ದಲಿತ ಹುಡುಗ ಉಣ್ಣುವವನಾಗಿ ಮಾತ್ರ ಮಠಕ್ಕೆ ಬಂದರೆ ಅದು ದಾನ. ಬಡಿಸುವವನೂ, ಕಲಿಸುವವನೂ, ನಿರ್ಧರಿಸುವವನೂ ಆಗಿ ಬಂದರೆ ಅದು ದಾಸೋಹ.

ಮುಂದಿನ ಬಸವ ಜಯಂತಿಗೆ ಅಮೇರಿಕೆಯ ಹೋಲಿಕೆ ಹೇಳಲು ವೇದಿಕೆ ಏರುವ ಭಾಷಣಕಾರರು ಏರುವುದಕ್ಕೆ ಮುಂಚೆ ತಮ್ಮ ಊರಿನ ಕೇರಿಗೆ ಒಮ್ಮೆ ಹೋಗಿ, ಯಾವುದಾದರೊಂದು ಮನೆಯ ಜಗಲಿಯ ಮೇಲೆ ಕುಳಿತು ನೀರು ಕುಡಿದು, ಆ ಮನೆಯವರನ್ನು ತಮ್ಮ ಮನೆಯ ನಡುಮನೆಗೆ ಊಟಕ್ಕೆ ಕರೆದು ಬರಲಿ. ಅವರು ಬಂದು ಉಂಡು ಹೋದ ಮೇಲೆ ವೇದಿಕೆ ಏರಲಿ. ಆ ದಿನದ ಚಪ್ಪಾಳೆಯಲ್ಲಿ ನಾನೂ ಕೈಗೂಡಿಸುತ್ತೇನೆ.